ಡೊಂಕು ಸೂಜಿ

ಹೊಸಮನೆ ಎರಡನೇ ತಿರುವಿನಲ್ಲಿ
ನಮ್ಮದೂ ಅವರದೂ ಒಂದೇ ಗೋಡೆ.
ಆಚೆ ಬದಿ ಇಬ್ಬರು ಹೆಂಗಸರು, ಇಬ್ಬರದ್ದೂ ಹೊಲಿಗೆ ಕೆಲಸ.
ಫಿಲೋಮಿನಾ ರವಿಕೆ ಹೊಲಿಯುತ್ತಾಳೆ, ಸೀರೆಗೆ ಫಾಲ್ಸು.
ಗುತ್ಯಮ್ಮ
ದೊಡ್ಡಾಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಡೊಂಕು ಸೂಜಿ ಹಿಡಿದು,
ಡಾಕ್ಟರು ಬಿಚ್ಚಿ ನೋಡಿ ಬಿಟ್ಟುಹೋದ ಹೆಣಗಳನ್ನ.

ಅದು ಗೊತ್ತಾದ ದಿನ
ಹೊಲಿಯಲು ಕೊಟ್ಟ ಮೂರು ಕಣ ವಾಪಸು ತಂದೆ.
ಗಾಂಧಿ ಬಜಾರಿನ ಟೈಲರು ಕಂಕುಳಲ್ಲಿ ಬಿಗಿ ಮಾಡಿಟ್ಟ;
ಕೈ ಎತ್ತಲಾರದೆ ಒಂದು ವರ್ಷ ಮಡಿ ಮೆರೆದೆ.

ಸೂಜಿಯೆಲ್ಲ ಒಂದೇ ಡಬ್ಬಿಯಲ್ಲಿಡುತ್ತಾರಂತೆ, ಎನ್ನುತ್ತಿದ್ದರು ಜನ.
ಹಾಸಿಗೆಯೂ ಒಂದೇ ಅಂತೆ, ಎನ್ನುವಾಗ
ದನಿ ತಗ್ಗುತ್ತಿತ್ತು, ಕಣ್ಣು ದೊಡ್ಡದಾಗುತ್ತಿತ್ತು.
ಯಾವುದು ಹೆಚ್ಚು ಹೇಸಿಗೆ ಎಂದು
ನಲ್ಲಿ ಕಟ್ಟೆಯಲ್ಲಿ ತೀರ್ಮಾನವಾಗುವ ಮೊದಲೇ ನೀರು ನಿಲ್ಲುತ್ತಿತ್ತು.

ನನ್ನ ತಮ್ಮ ಬೆನಕಪ್ಪ, ಗುತ್ಯಮ್ಮ ಎದುರಾದರೆ
ಹೊರಟ ಕೆಲಸ ಕೆಟ್ಟಿತೆಂದು ಮುಖ ತಿರುಗಿಸಿ ನಿಲ್ಲುವವನು.
ತುಂಗೆ ಮಂಟಪ ಮುಳುಗಿಸಿದ ವರ್ಷ
ನೋಡಲು ಹೋಗಿ ಜಾರಿದ.
ಮೂರನೇ ದಿನ ಸಿಕ್ಕ, ಪಿಳ್ಳಂಗೆರೆಯ ಬಂಡೆಗೆ ತಗುಲಿಕೊಂಡು.
ಮುಖ ತೆರೆಯಬೇಡಿ ಎಂದರು ಎಲ್ಲರೂ.
ಗುತ್ಯಮ್ಮ ತೆರೆದಳು.
ಕ್ರಾಪು ಬಾಚಿದ್ದಳು, ಬೈತಲೆ ಬಲಕ್ಕೆ, ಅವನ ಹಾಗೇ.
ಹೇಗೆ ಗೊತ್ತು, ಎಂದೆ.
"ನನ್ನ ಕಂಡ್ರೆ ಆ ಕಡೆ ತಿರುಗೋರಲ್ಲ ಅಕ್ಕ,
ನಂಗೆ ಕಾಣ್ತಿದ್ದಿದ್ದು ಅದೊಂದೇ ಬದಿ."

ಅವತ್ತೇ ಬದಲಾದೆ ಅಂದರೆ ಸುಳ್ಳಾಗುತ್ತದೆ.
ಹೆಣಕ್ಕೊಂದು, ಅವಳಿಗೊಂದು ಎಂದು
ಎರಡು ಸಲ ಮಿಂದೆ.

ನನ್ನನ್ನು ಬದಲಿಸಿದ್ದು ಗೋಡೆ.
ಅರ್ಧ ಇಟ್ಟಿಗೆಯದು, ತೆಳು.
ರಾತ್ರಿ ಕಿವಿ ಕೊಟ್ಟರೆ (ಕೊಟ್ಟೆ, ಯಾಕೆ ಮುಚ್ಚಿಡಲಿ)
ಕೇಳಿಸುವುದು ಬರೀ ಜಗಳ:
ಸಿಲಿಂಡರ್ ಬುಕ್ ಮಾಡಲು ಮರೆತಿದ್ದು ಯಾರು,
ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಯಾರು,
ನಿಮ್ಮಣ್ಣ ಬಂದರೆ ನಾನ್ಯಾಕೆ ಹಿತ್ತಿಲಲ್ಲಿ ನಿಲ್ಲಬೇಕು.
ಆಮೇಲೆ ತಟ್ಟೆಯ ಸದ್ದು. ಆಮೇಲೆ,
ಬಾ, ಸೊಂಟಕ್ಕೆ ಎಣ್ಣೆ ಹಚ್ತೀನಿ,
ಎಷ್ಟು ಹೊತ್ತು ಬಗ್ಗಿ ನಿಂತಿದ್ದೆಯೋ ಏನೋ.
ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.
ಮೂವತ್ತು ವರ್ಷ ಸಂಸಾರ ಮಾಡಿದ ಕಿವಿ ನನ್ನದು,
ಮದುವೆ ಯಾವುದೆಂದು ಅದಕ್ಕೆ ಗೊತ್ತಾಗದೆ?

ಹೋದ ಮಾಘದಲ್ಲಿ ನೋಂದಣಿ ಕಚೇರಿಗೆ ಹೋದರಂತೆ.
ವರ ಯಾರು, ಎಂದ ಗುಮಾಸ್ತ.
ಆ ಕಾಲಂ ಖಾಲಿ ಬಿಡಿ ಸ್ವಾಮಿ, ಎಂದಳಂತೆ ಫಿಲೋಮಿನಾ.
ನಗು ಮೇಜಿನಿಂದ ಮೇಜಿಗೆ ದಾಟಿ
ಬಾಗಿಲ ತನಕ ಕಳಿಸಿಕೊಡಲು ಬಂತಂತೆ.
ಆ ಅರ್ಜಿ ಹಾಳೆಯಲ್ಲೇ ಅಕ್ಷತೆ ಕಟ್ಟಿ
ನನ್ನ ಹೊಸ್ತಿಲಾಚೆ ನಿಂತರು: ಭಾನುವಾರ, ನಮ್ಮನೇಲೇ.

ಹತ್ತು ಕುರ್ಚಿ ಬಾಡಿಗೆಗೆ ತಂದಿದ್ದರು. ಐದು ತುಂಬಿದವು.
ಹೆಣದ ಗಾಡಿಯ ಡ್ರೈವರು ಇನಾಯತ್, ಇಸ್ತ್ರಿ ಮಾಡಿದ ಅಂಗಿಯಲ್ಲಿ.
ಫಿಲೋಮಿನಾಳ ಚಿಕ್ಕಮ್ಮ, ಜಪಸರ ಹಿಡಿದು, ಯಾರನ್ನೂ ನೋಡದೆ.
ಗುತ್ಯಮ್ಮನ ಅಣ್ಣ ಬೀದಿಯ ತುದಿಗೆ ಬಂದು
ಬೈಕು ಆರಿಸದೆ ನಿಂತಿದ್ದು, ಹೋದ.
ಮೊದಲ ಅಕ್ಷತೆ ನೀವೇ ಹಾಕಿ ಅಕ್ಕ, ಎಂದರು.
ಕುಂಕುಮವಿಲ್ಲದವಳು ನಾನು, ಎಂದೆ.
ಗುತ್ಯಮ್ಮ ತನ್ನ ಎರಡೂ ಅಂಗೈ
ನನ್ನ ಮುಂದೆ ತಿರುಗಿಸಿ ತೋರಿಸಿದಳು. ಮಾತಾಡಲಿಲ್ಲ.

ಹಾಕಿದೆ.
ಪಾಯಸ ಉಂಡೆ; ನೀರೂ ಅವರದೇ.
ನಲ್ಲಿ ಕಟ್ಟೆಯಲ್ಲಿ ಈಗ ನನ್ನ ಕೊಡ ಸರದಿಯ ಕೊನೆಗೆ.

ಆಷಾಢದಲ್ಲಿ ಆ ಮೂರು ಕಣ ಮತ್ತೆ ಕೊಟ್ಟೆ.
ಅಳತೆ ಬದಲಾಗಿದೆ, ಎಂದಳು ಫಿಲೋಮಿನಾ,
ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡು,
ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿರ್ತೀನಿ,
ಬೇಕಾದಾಗ ಬಿಚ್ಚಿಕೊಳ್ಳಿ.
ಕಿಟಕಿಯ ಬೆಳಕಿಗೆ ಸೂಜಿ ಹಿಡಿದು
ಗುತ್ಯಮ್ಮ ದಾರ ಪೋಣಿಸಿ ಕೊಟ್ಟಳು. ನೆಟ್ಟಗಿನ ಸೂಜಿ.
ಡೊಂಕಿನದು ಆಸ್ಪತ್ರೆಯಲ್ಲೇ ಇರುತ್ತದಂತೆ, ಬೀಗದೊಳಗೆ.
ನಾನು ಕೇಳಿರಲಿಲ್ಲ.
ಅವಳೇ ಹೇಳಿದಳು.