ಮೊದಲ ದೋಣಿ ಆರೂ ಮುಕ್ಕಾಲಿಗೆ

ಡಾರ್ವಿನ್ನಿನ ಸೆಪ್ಟೆಂಬರ್. ಫ್ಯಾನು ತಿರುಗಿದಷ್ಟೂ
ನಕಾಶೆಯ ಮೂಲೆಗಳು ಏಳುತ್ತವೆ.
ಒಂದರ ಮೇಲೆ ಉಪ್ಪಿನ ಡಬ್ಬಿ,
ಒಂದರ ಮೇಲೆ ಔಷಧದಂಗಡಿಯ ಗ್ಲೆನಿಸ್ ಕಡ ಕೊಟ್ಟ ದುರ್ಬೀನು,
ಇನ್ನೊಂದರ ಮೇಲೆ ಅತ್ತೆಯ ಜಪಮಣಿ.
ನಾಲ್ಕನೆಯದು ಎದ್ದೇ ಇದೆ,
ಅಲ್ಲಿ ಬರೀ ಸಮುದ್ರ.

ಕಕಾಡು ಎಂದರೆ ಅತ್ತೆಗೆ ಕೇಳಿಸಿದ್ದು
ಕಡೆಯ ಎರಡಕ್ಷರ.
"ಕಾಡಿಗಿ ಹೊಂಟೀರೇನು?"
ಅಲ್ಲ ಅತ್ತೆ, ನೀರಿಗೆ.
ಮುನ್ನೂರು ಕಿಲೋಮೀಟರು ಓಡಿದ ಮೇಲೆ
ದಡ ಎಲ್ಲಿ ಮುಗಿಯಿತೆಂದು ಯಾರೂ ಬೆರಳಿಡಲಾಗದ
ನೀರಿಗೆ.

ಮಳೆಗಾಲಕ್ಕೆ ಹೋಗೋಣ, ತುಂಬಿರುತ್ತದೆ ಎಂದ ನೇಮಿ.
ತುಂಬಿದಾಗ ಏನೂ ಕಾಣುವುದಿಲ್ಲ ಮಾರಾಯ.
ರಸ್ತೆ ನೀರೊಳಗೆ, ಹಕ್ಕಿ ನಾಡೆಲ್ಲ ಚದುರಿ
ತಂತಮ್ಮ ಪಾಡಿಗೆ.
ನೋಡಬೇಕೆಂದರೆ ಬತ್ತಬೇಕು.
ಬತ್ತಿ, ಉಳಿದ ಹೊಂಡಕ್ಕೆ ಬಾತು, ಕರಿಕತ್ತಿನ ಕೊಕ್ಕರೆ,
ಎಲೆಯ ಮೇಲೆ ನಡೆಯುವ ದೇವನಕ್ಕಿ, ಹಂದಿ, ಹಾವು
ಎಲ್ಲ ಬಂದು ನಿಲ್ಲಬೇಕು.
"ಸಮವಸರಣ ಇದ್ದಂಗ" ಎಂದರು ಅತ್ತೆ, ಕಣ್ಣು ಮುಚ್ಚಿ.
"ಇಲ್ಲಿ ಒಂದನ್ನೊಂದು ತಿಂತಾವೆ ಅಜ್ಜಿ" ಎಂದಳು ಪಾರ್ಶ್ವಿ.

ಚಾತುರ್ಮಾಸ ನಡೆದಿದೆಯಲ್ಲ, ನೇಮಿಗೆ ಈಗ ನೆನಪು.
ಅತ್ತೆ ಕಿಟಕಿಯಾಚೆ ಬಿರಿದ ಅಂಗಳ ನೋಡಿದರು.
"ಮಳೀ ಹುಳ ಕಾಲಿಗೆ ಸಿಗಬಾರದಂತ ಆ ನೇಮ.
ಇಲ್ಲಿ ಮಳಿ ಎಲ್ಲೈತಿ?"
ಹೀಗೆ ಒಂದು ತೊಡಕು ಬಿಚ್ಚಿತು.

ಸೊಳ್ಳೆಯ ಮುಲಾಮು ಕೈಗಿತ್ತೆ.
"ಕೊಲ್ಲತೈತೋ ಓಡಸತೈತೋ?"
ಹದಿನಾಲ್ಕು ವರ್ಷ ಔಷಧ ಮಾರಿದವಳು ನಾನು,
ಆ ಪ್ರಶ್ನೆಗಾಗಿ ಚೀಟಿ ಓದಿದ್ದು ಅದೇ ಮೊದಲು.
ಓಡಿಸುತ್ತದೆ. ಚೀಲಕ್ಕೆ ಹೋಯಿತು.
ಕೋಲಿಗೆ ಮಾಂಸ ಕಟ್ಟಿ ಮೊಸಳೆ ಕುಣಿಸುವ ದೋಣಿ
ಪಟ್ಟಿಯಿಂದ ಹೊರಗೆ. ಪಾರ್ಶ್ವಿ ಅರ್ಧ ದಿನ ಮುನಿದಳು.
ಐಸ್ ಪೆಟ್ಟಿಗೆಯಲ್ಲಿ ಜೋಳದ ರೊಟ್ಟಿ, ಬೆಳ್ಳುಳ್ಳಿಯಿಲ್ಲದ ಶೇಂಗಾ ಹಿಂಡಿ,
ಸೋಸಿದ ನೀರು, ಸೋಸಲು ಇನ್ನೊಂದು ಬಟ್ಟೆ.

ಸಿಕ್ಕಿಬಿದ್ದದ್ದು ದೋಣಿಯ ಹೊತ್ತಿಗೆ.
ಸಂಜೆಯದು ಸೂರ್ಯನನ್ನು ಮುಳುಗಿಸಿಯೇ ಮರಳುತ್ತದೆ,
ಆಮೇಲೆ ಅತ್ತೆ ತುತ್ತೆತ್ತುವುದಿಲ್ಲ.
ಮೊದಲ ದೋಣಿ ಆರೂ ಮುಕ್ಕಾಲಿಗೆ,
ಸೂರ್ಯ ಹುಟ್ಟಿ ಎರಡು ಘಳಿಗೆ ಕಳೆಯದೆ
ಅವರು ನೀರೂ ಮುಟ್ಟುವುದಿಲ್ಲ.
ಸಕ್ಕರೆ ಕಾಯಿಲೆ, ಎಪ್ಪತ್ಮೂರು, ಬಿಸಿಲು ಬೇರೆ.
ನಾನು ಮಾತ್ರೆಯ ಲೆಕ್ಕ ಹಾಕಿದೆ, ನೇಮಿ ಗಡಿಯಾರದ್ದು.
ನಡುಹಗಲಿನ ದೋಣಿಯೊಂದಿದೆ, ಆಗ
ಪ್ರಾಣಿಗಳೆಲ್ಲ ನೆರಳು ಹಿಡಿದಿರುತ್ತವೆ.
ಅವರನ್ನು ಬಿಟ್ಟು ಹೋಗುವ ಮಾತು
ಯಾರ ಬಾಯಿಗೂ ಬಂದಿರಲಿಲ್ಲ,
ಆದರೂ ಅಲ್ಲೇ ಎಲ್ಲೋ ಕೂತಿತ್ತು, ಆ ಎದ್ದ ಮೂಲೆಯಲ್ಲಿ.

ಅತ್ತೆ ಪಾರ್ಶ್ವಿಯ ಪಟ್ಟಿ ಎಳೆದುಕೊಂಡರು.
ಅವಳು ಬಿಡಿಸಿದ ಮೊಸಳೆಗೆ ಹಲ್ಲು ಬಹಳ.
"ನಮ್ಮ ಬಸದ್ಯಾಗ ಪುಷ್ಪದಂತರ ಪಾದದ ಕೆಳಗ
ಇದ ಐತಿ, ಸಣ್ಣದು.
ಸಣ್ಣಾಕಿ ಇದ್ದಾಗ ಹಲ್ಲಿ ಅನಕೊಂಡಿದ್ದೆ."
ಬೆರಳಲ್ಲಿ ಬಾಲದ ಉದ್ದ ಅಳೆದರು. ಆಮೇಲೆ,
"ಎಷ್ಟು ದಿನಕ್ಕೊಮ್ಮೆ ಉಣ್ಣತೈತಿ ಇದು?"

ಬೇಕೆಂದರೆ ತಿಂಗಳುಗಟ್ಟಲೆ ಇಲ್ಲದೆ ಇರಬಲ್ಲದಂತೆ ಅಜ್ಜಿ,
ಸುಮ್ಮನೆ, ಕದಲದೆ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ.
ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಕೆಮ್ಮಿ ನಿಂತಿತು.
"ಹಂಗಾರ ದೊಡ್ಡಾಂವ," ಎಂದರು.
"ಮುಂಜಾನೀದ ಹಿಡೀರಿ."

ಜಪಮಣಿ ಎತ್ತಿಕೊಂಡು ಎದ್ದರು,
ನಕಾಶೆ ಸುರುಳಿ ಸುತ್ತಿಕೊಂಡಿತು.
ನಾನು ಸಕ್ಕರೆ ಪರೀಕ್ಷೆಯ ಯಂತ್ರವನ್ನು
ದುರ್ಬೀನಿನ ಚೀಲದೊಳಗೇ ಇಟ್ಟೆ.