ಎರಡು ರೂಪಾಯಿ ಜೆರಾಕ್ಸ್

ರಾತ್ರಿ ಹನ್ನೊಂದು ನಲವತ್ತಕ್ಕೆ
ಹೆಬ್ಬೆರಳಲ್ಲಿ ಒತ್ತಿದೆ.
‘ಅಳಿಸುವುದು ಖಚಿತವೇ?’ ಅಂತು ಫೋನು.
ಇಡೀ ದಿನದಲ್ಲಿ ನನ್ನ ಅಭಿಪ್ರಾಯ ಕೇಳಿದ್ದು
ಅದೊಂದೇ.

ಕರೆ ಮಾಡಿದವನು ಬೈಯಲಿಲ್ಲ.
ಅಣ್ಣಾರ ಕಡೆಯಿಂದ ಅಂದ,
ಊಟ ಆತಾ ಅಂದ,
ನನ್ನ ಮಗಳು ಕಾಲೇಜಿಗೆ ಹತ್ತುವ ಬಸ್ಸು ಯಾವುದೆಂದು
ತಾನೇ ಹೇಳಿದ, ನಂಬರ್ ಸಮೇತ.
‘ಭಾಳ ಚಲೋ ಬರೀತೀರಿ ಸಾರ್,
ಇನ್ನೂ ಬರೀಬೇಕು ನೀವು.’
ಇಪ್ಪತ್ತೆರಡು ವರ್ಷ ಕರಡು ತಿದ್ದಿದವನು ನಾನು,
ಆ ಮಾತಿನಲ್ಲಿ ಒಂದು ತಪ್ಪನ್ನೂ
ಹುಡುಕಲಾಗಲಿಲ್ಲ.

ಸುದ್ದಿ ಇಷ್ಟೇ:
ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ
ಮುನ್ನೂರು ಮೀಟರ್ ಚರಂಡಿ
ಬಿಲ್ಲಿನಲ್ಲಿದೆ, ಬೀದಿಯಲ್ಲಿಲ್ಲ.
ದರ್ಜಿ ಇಮಾಮ್‌ಸಾಬರ ಟೇಪು ಇಸಕೊಂಡು
ಇಲ್ಲದ್ದನ್ನು ಅಳೆದು ಬಂದಿದ್ದೆ.
ಕಾಗದದ ಮೇಲಷ್ಟೇ ಹರಿಯುವ ಚರಂಡಿ,
ಕಾಗದವೇ ಇಲ್ಲದ ನನ್ನ ಪತ್ರಿಕೆ.
ಗೆದ್ದದ್ದು ಚರಂಡಿ.

ಮಂಡಿಪೇಟೆಯ ಸಂದಿಯಲ್ಲಿ ಕೊಟ್ರಯ್ಯನವರ ಸಂಜೆ ಪತ್ರಿಕೆ ಇತ್ತು.
ಒಮ್ಮೆ ಯಾರೋ ಸಿಟ್ಟಿಗೆದ್ದು
ಅಷ್ಟೂ ಪ್ರತಿ ತಾವೇ ಕೊಂಡರು.
ಸುಡಲಿಕ್ಕೆ ಸೀಮೆಎಣ್ಣೆ ದಂಡವೆಂದು
ರದ್ದಿಗೆ ಹಾಕಿದರು.
ರದ್ದಿಯವ ತೂಗಿ ಮಾರಿದ್ದು ಮಂಡಕ್ಕಿ ಅಂಗಡಿಗೆ.
ವಾರವಿಡೀ ಊರು
ಮೆಣಸಿನಕಾಯಿ ಕಚ್ಚುತ್ತ, ಕಣ್ಣೊರೆಸುತ್ತ
ಎಣ್ಣೆ ಹತ್ತಿದ ಅದೇ ಸುದ್ದಿ ಓದಿತು.
ಅರ್ಧ ಸಾಲಿಗೆ ಪೊಟ್ಟಣ ಮುಗಿದರೆ
ಮುಂದೇನಾಯಿತೆಂದು
ಇನ್ನೊಂದು ಪೊಟ್ಟಣ ಕಟ್ಟಿಸಿದವರೂ ಇದ್ದರು.

ನನ್ನದಕ್ಕೆ ಎಣ್ಣೆ ಹತ್ತಲಿಲ್ಲ.
ಅಳಿಸಿದಲ್ಲಿ ಖಾಲಿ ಜಾಗವೂ ಉಳಿಯಲಿಲ್ಲ,
ಕೆಳಗಿದ್ದದ್ದು ಮೆಲ್ಲಗೆ ಮೇಲೆ ಸರಿದು ಕೂತಿತು:
ಅಣ್ಣಾರ ಹುಟ್ಟುಹಬ್ಬದ ಶುಭಾಶಯ.
ಜಾಹೀರಾತು ಎಂದು ಮೇಲೆ ಹಾಕಿರಲಿಲ್ಲ.
ಅದೂ ನಾನೇ.

ಪತ್ರಿಕಾ ದಿನಕ್ಕೆ ಹೊದಿಸಿದ ಶಾಲು ಬೀರುವಿನಲ್ಲಿದೆ,
ಪ್ಲಾಸ್ಟಿಕ್ಕು ಬಿಚ್ಚಿಲ್ಲ.
ಅವತ್ತು ಮೈಕಿನ ಮುಂದೆ ನಾನಾಡಿದ ಮಾತು
ಯಾರಾದರೂ ರೆಕಾರ್ಡ್ ಮಾಡಿಕೊಂಡಿದ್ದರೆ
ದಯವಿಟ್ಟು
ಅದನ್ನೂ ಅಳಿಸಿ.

ಬೆಳಿಗ್ಗೆ ಬಾಗಿಲು ತಟ್ಟಿದವಳು ಚಾಂದ್‌ಬಿ.
ಭಟ್ಟಿಯ ಬೂದಿ ಹುಬ್ಬಿನಲ್ಲಿ ಹಾಗೇ ಇತ್ತು.
ಸೆರಗಿನ ಗಂಟು ಬಿಚ್ಚಿ
ನಾಲ್ಕು ಮಡಿಕೆ ಹಾಕಿದ ಹಾಳೆ ತೆಗೆದಳು.
ನಿನ್ನೆ ಸಂಜೆಯೇ ಮೊಮ್ಮಗನ ಕೈಲಿ
ಪಿ.ಬಿ. ರಸ್ತೆಯ ಅಂಗಡಿಯಲ್ಲಿ ತೆಗೆಸಿದ್ದಂತೆ,
ಪುಟಕ್ಕೆ ಎರಡು ರೂಪಾಯಿ.
ಫೋಟೋ ಕರ್ರಗೆ ಬಂದು
ಓಣಿಯ ಕೊಳಚೆ ಯಾವುದು, ಆಕಾಶ ಯಾವುದು
ತಿಳಿಯುವಂತಿರಲಿಲ್ಲ.
ಕೆಳಗೆ ನನ್ನ ಹೆಸರು ಮಾತ್ರ ಸ್ಪಷ್ಟ.

‘ಇದು ಈಗ ಇಲ್ಲ ಕಣಮ್ಮ’ ಅಂದೆ.
‘ಐತಲ್ರೀ’ ಅಂದಳು, ಹಾಳೆ ತೋರಿಸಿ.

ಕಾರ್ಪೊರೇಷನ್ನಿನಲ್ಲಿ ಅರ್ಜಿ ಜತೆ ಕೊಡಬೇಕಂತೆ,
ಬರೆದವರ ಸಹಿ ಇಲ್ಲದಿದ್ದರೆ
ಗುಮಾಸ್ತ ಮುಟ್ಟುವುದಿಲ್ಲವಂತೆ.
‘ಒಂದು ಸಹಿ ಹಾಕ್ಬಿಡ್ರಿ, ಪಾಳಿ ಹತ್ತಬೇಕು.’

ಪೆನ್ನು ಹುಡುಕಿದೆ.
ಪತ್ರಕರ್ತನ ಮನೆ, ಒಂದು ಪೆನ್ನಿಲ್ಲ.
ಮಗಳು ಬ್ಯಾಗಿನಿಂದ ತೆಗೆದುಕೊಟ್ಟು
ಬಸ್ಸಿನ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದಳು.
ಮೊದಲ ಗೆರೆ ಬರಲಿಲ್ಲ.
ಅಂಗೈ ಮೇಲೆ ಗೀಚಿದೆ,
ಇನ್ನೊಮ್ಮೆ, ಒತ್ತಿ.
ಚಾಂದ್‌ಬಿ ಬಗ್ಗಿ ನೋಡಿದಳು:

‘ಬರೀತೈತಿ ಬಿಡ್ರಿ.’