ಒಡೆದದ್ದು

ಕುತೈಸಿಯಲ್ಲಿ ನಮ್ಮದು ಬ್ರೆಡ್ಡಿನಂಗಡಿ.
ಬೆಳಗಿನ ಐದಕ್ಕೆ ಅಪ್ಪ ಮಣ್ಣಿನ ಒಲೆಯೊಳಗೆ
ಸೊಂಟದವರೆಗೆ ಬಾಗಿ ಹಿಟ್ಟು ಬಡಿದು ಅಂಟಿಸುವುದು
ಅಮ್ಮನಿಗೆ ಪಾದದಿಂದ ಕೇಳುತ್ತಿತ್ತು.
ಕಿವಿಯಿಂದ ಅವಳಿಗೆ ಏನೂ ಇಲ್ಲ, ಹುಟ್ಟಿದಾಗಿನಿಂದ.

ಅಣ್ಣ ಬೇಸಿಕ್‌ಗೆ ಹದಿಮೂರು ತುಂಬಿದ ಚಳಿಗಾಲ
ಇಗರ್ಜಿಯ ಮೇಳದಲ್ಲಿ ಮೇಲಿನ ಸ್ವರ ಹಿಡಿಯಲು ಹೋಗಿ
ಗಂಟಲು ಒಡೆಯಿತು.
ಲುವಾರ್ಸಾಬ್ ಮೇಷ್ಟ್ರು ಮೆಲ್ಲಗೆ
ಕೊನೆಯ ಬೆಂಚಿಗೆ ಕಳಿಸಿದರು.

ಆ ರಾತ್ರಿ ನೆಂಟರಿದ್ದರು, ವೈನ್ ಇತ್ತು.
"ಉಪ್ಪು ಕೊಡಿ" ಅಂದ ಬೇಸಿಕ್.
"ಅರೆ, ನಮ್ಮ ಮನೆಗೆ ಕತ್ತೆ ಯಾವಾಗ ಬಂತು?" ಅಂದರು ಅಪ್ಪ.
ಎಲ್ಲರೂ ನಕ್ಕರು. ನಾನೂ ನಕ್ಕೆ, ಒಂಬತ್ತರವಳು,
ಎಲ್ಲರಿಗಿಂತ ತುಸು ಹೆಚ್ಚೇ ಹೊತ್ತು.

ಹಾಲೂ ಒಡೆಯುತ್ತದೆ, ಮೊಳಕೆಯೂ ಒಡೆಯುತ್ತದೆ.
ತನ್ನಲ್ಲಿ ಒಡೆದದ್ದು ಯಾವುದೆಂದು
ಹೇಳುವವರು ಆ ಮೇಜಿನಲ್ಲಿ ಇರಲಿಲ್ಲ.

ಉಪ್ಪು ಬಂತು. ಅವನ ಮಾತು ಹೋಯಿತು.
ಮೂರು ವಾರ. ಶಾಲೆಯಲ್ಲಿ ತಲೆಯಾಡಿಸಿ,
ಅಂಗಡಿಯಲ್ಲಿ ಬೆರಳೆತ್ತಿ ಬೆಲೆ ತೋರಿಸಿ.
"ತಾಯಿಯ ಮಗನೇ ಸರಿ," ಅಂದರು ಗಿರಾಕಿಗಳು.
ಅಪ್ಪ ಕೇಳದವರ ಹಾಗೆ
ಒಣ ದ್ರಾಕ್ಷಿಬಳ್ಳಿ ಒಲೆಗೆ ತುರುಕಿದರು.

ಅಮ್ಮನಿಗೆ ಗೊತ್ತಾಗಲಿಕ್ಕಿಲ್ಲ ಅಂದುಕೊಂಡಿದ್ದೆ.
ಅವಳೊಂದಿಗೆ ಅವನದು ಮೊದಲಿನಿಂದ ಕೈಯಲ್ಲೇ ಮಾತು;
ಕೈಗೆಲ್ಲಿಯ ಗಂಟಲು, ಅದು ಒಡೆಯುವುದೆಲ್ಲಿ?
ಆದರೆ ಕೈಯೂ ಗಿಡ್ಡವಾಗಿತ್ತು.
ಮೇಷ್ಟ್ರ ನಡಿಗೆ, ರಿಯೋನಿ ನದಿಯ ಮಂಜು, ಬೀದಿನಾಯಿಗಳ ಜಗಳ
ಎಲ್ಲವನ್ನೂ ಗಾಳಿಯಲ್ಲಿ ಬರೆಯುತ್ತಿದ್ದ ಬೆರಳು
ಈಗ ಬರೀ ಹೂಂ. ಸಾಕು. ಬೇಡ.

ಒಂದು ಮಧ್ಯಾಹ್ನ ಹಿಟ್ಟಿನ ಕೈ ಒರೆಸದೆಯೇ
ಅವನ ಕತ್ತಿನ ಮೇಲಿಟ್ಟಳು.
ತೊಟ್ಟಿಲಲ್ಲಿ ಅತ್ತರೆ ತಿಳಿಯಲೆಂದು
ರಾತ್ರಿಯಿಡೀ ಇಟ್ಟಿರುತ್ತಿದ್ದ ಕೈ ಅದು.
ಮಾತಾಡು, ಅಂದಿತು ಇನ್ನೊಂದು ಕೈ.
ಅವನು ಬಾಗಿಲು ನೋಡಿದ. ನನ್ನನ್ನು ನೋಡಿದ.
ನಾನು ಬೆನ್ನು ತಿರುಗಿಸಿದೆ, ಅಷ್ಟು ಮಾಡಿದೆ;
ಮಿಕ್ಕದ್ದು ಬ್ರೆಡ್ಡಿನ ಕಪಾಟಿನ ಗಾಜಿನಲ್ಲಿ ಕಂಡದ್ದು.

ಏನೋ ಅಂದ. ಪದವೋ ಬರೀ ಸದ್ದೋ,
ತೆಳ್ಳಗೆ ಮೇಲೇರಿ, ಮುಗ್ಗರಿಸಿ, ಬಿತ್ತು.
ಅಮ್ಮನ ಅಂಗೈ ಅದರ ಹಿಂದೆಯೇ ಇಳಿದು
ಎದೆಗೂಡಿನ ಮೇಲೆ ನಿಂತಿತು.
ಕೆಳಗೆ ಬಂದಿದೆ, ಅಂದಳು.
ಈಗ ನನಗೆ ಚೆನ್ನಾಗಿ ಕೇಳುತ್ತದೆ.

ಅಪ್ಪ ಕ್ಷಮೆ ಕೇಳಲಿಲ್ಲ; ಅವರಿಗೆ ಆ ರೂಢಿಯಿಲ್ಲ.
ಮರುದಿನ ಐದಕ್ಕೆ ಒಲೆಯೊಳಗೆ ತಲೆಯಿಟ್ಟು
ಮೂರು ದನಿಯ ಹಾಡೊಂದರ ನಡುವಿನ ದನಿ ಹಿಡಿದರು,
ಅಪಸ್ವರದಲ್ಲಿ, ಕೆಳಗಿನದನ್ನು ಖಾಲಿ ಬಿಟ್ಟು.
ಆ ದಿನ ಯಾರೂ ತುಂಬಲಿಲ್ಲ. ಅದರ ಮರುದಿನವೂ.
ನಾಲ್ಕನೆಯ ಬೆಳಗ್ಗೆ
ಬರಿಗಾಲಲ್ಲಿ ಹಿಟ್ಟು ನಾದುತ್ತಿದ್ದ ಅಮ್ಮ
ತಟ್ಟನೆ ನೆಲ ನೋಡಿದಳು.